ಮೊಳೆ

ಬಳ್ಳಾರಿ, ಮಿಲ್ಲರ್‌ಪೇಟೆಯ ಒಳಗಲ್ಲಿ.
ಎರಡು ಕೋಣೆ, ಒಂದು ನಲ್ಲಿ, ತಗಡಿನ ಬಚ್ಚಲು.
ಇದರ ಒಡತಿ ನಾನಂತೆ. ಪತ್ರದಲ್ಲಿದೆ,
ಹೆಸರಿನ ಕಾಗುಣಿತವೂ ಸರಿಯಾಗಿದೆ.

ಜೀನ್ಸ್ ಪ್ಯಾಂಟಿಗೆ ಜಿಪ್ಪು ಕೂರಿಸುವವಳು ನಾನು,
ಜಿಪ್ಪೊಂದಕ್ಕೆ ನಾಲ್ಕು ರೂಪಾಯಿ.
ಬ್ಯಾಂಕಿನ ಕಂತು ಒಂಬತ್ತು ಸಾವಿರದ ನಾನೂರು,
ಎರಡೂ ಕೋಣೆ ತುಂಬಿದರೆ ಬಾಡಿಗೆ ಏಳು.
ಉಳಿದದ್ದಕ್ಕೆ ತಿಂಗಳಿಗೆ ಆರುನೂರು ಜಿಪ್ಪು.
ಲೇಬಲ್ ರಟ್ಟಿನ ಬೆನ್ನಿಗೆ ಬರೆದ ಲೆಕ್ಕ ಇದು.
ಕೋಣೆ ಖಾಲಿ ಬಿದ್ದರೆ ಏನು ಎಂದು ಬರೆಯಲು
ರಟ್ಟಿನಲ್ಲಿ ಜಾಗ ಉಳಿದಿರಲಿಲ್ಲ.

ಕೋಣೆಯೇ ಉಳಿಯಿತು ಆಮೇಲೆ, ಮೂರು ತಿಂಗಳು.

ಹೊನ್ನೂರಪ್ಪ ಅಂದ, ನನ್ನ ಗಂಡ:
"ಬಂಗಾರ ತಗೊಂಡಿದ್ರ ಕೊರಳಾಗರ ಇರ್ತಿತ್ತು,
ಇದಕ್ಕ ಸುಣ್ಣನೂ ನಾವ ಬಳೀಬೇಕು."
ಬಳಿದೆವು.
ಹತ್ತು ದಿನಕ್ಕೊಮ್ಮೆ ನೀರು ಬಿಡುವ ಊರಲ್ಲಿ
ತೊಟ್ಟಿ ಕಟ್ಟಿಸಿದೆವು, ಮನೆಗಿಂತ ಗಟ್ಟಿ.
ಮಾರಿದವನು ಬಾಯಿಬಿಡದೆ ಬಿಟ್ಟುಹೋದ ಕರೆಂಟ್ ಬಾಕಿ
ನನ್ನ ಹೆಸರಿಗೇ ಬಂತು.
ನನ್ನನ್ನು ಮೊದಲು ಒಡತಿ ಎಂದದ್ದು ಜೆಸ್ಕಾಂನವರು.

ಮಾನವಮಿ ಮುಗಿದ ವಾರ ಬಂದರು ಇಬ್ಬರು:
ಮಸ್ಕಿ ಕಡೆಯ ಎಂಕೋಬ, ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳುವವನು,
ಅವನ ಹೆಂಡತಿ, ಏಳು ತಿಂಗಳ ಬಸುರಿ.
ಅವಳು ಕೋಣೆ ನೋಡಲಿಲ್ಲ, ನನ್ನ ಮುಖ ನೋಡಿದಳು.
ಆ ನೋಟ ನನಗೆ ಗೊತ್ತು.
ಹನ್ನೊಂದು ಹೊಸ್ತಿಲಲ್ಲಿ ನಿಂತು ಹಾಗೇ ನೋಡಿದ್ದೇನೆ.
ಎಷ್ಟು ಮಂದಿ, ಯಾವ ಜನ, ನೆಂಟರು ಬರ್ತಾರೇನು,
ಪ್ರಶ್ನೆ ಬರುವ ಮೊದಲೇ ತುಟಿಯಲ್ಲಿ ಕಾಣಿಸುತ್ತದೆ.

ಬಾಯಿ ತೆರೆದೆ.
ಕೌಲ್‌ಬಜಾರಿನ ರುದ್ರಮ್ಮನ ದನಿ ಬಂತು,
ಅವಳದೇ ಎಳೆತ, ಎಲೆ ಜಗಿಯುವ ಅದೇ ನಿಧಾನ:
"ಗ್ವಾಡಿಗೆ ಮೊಳಿ ಹೊಡೀಬಾರದು ನೋಡವ್ವ."

ಆ ರುದ್ರಮ್ಮನ ಮನೆಯಲ್ಲಿ ನಾಲ್ಕು ವರ್ಷ
ನಮ್ಮ ಗಡಿಯಾರ ನೆಲದ ಮೇಲೆ ಕೂತಿತ್ತು.
ಮಗ ಬಗ್ಗಿ ಟೈಮ್ ನೋಡುತ್ತಿದ್ದ.

ಹುಡುಗಿ ತಲೆಯಾಡಿಸಿದಳು, ಅಷ್ಟೆ.

ಮುಂಗಡ ಹದಿನೈದು ಎಂದಿದ್ದೆ, ಎಂಟು ತಂದಿದ್ದರು,
ಅದರಲ್ಲಿ ಹತ್ತರ ನೋಟಿನ ಎರಡು ಕಟ್ಟು.
ಎಣಿಸಿದೆ.
ಉಳಿದದ್ದು ಬಿಟ್ಟೆ ಎಂದು ಸುಳ್ಳು ಹೇಳಲಾರೆ,
ತಿಂಗಳಿಗೆ ಐನೂರರಂತೆ ಬರೆದುಕೊಂಡೆ.

ಸಂಜೆ, ಕೀಲಿ ಕೊಡುವ ಮೊದಲು,
ಸುತ್ತಿಗೆ ಹಿಡಿದು ಒಬ್ಬಳೇ ಹೋದೆ.
ಮೊದಲ ಏಟಿಗೇ ಅಂಗೈಯಗಲ ಗಿಲಾವು ಉದುರಿತು.
ಎದೆ ಧಸಕ್ಕೆಂದಿತು.
ಎಷ್ಟು ಜಿಪ್ಪು ಇದು, ಕೈ ತಾನೇ ಎಣಿಸಿತು.
ಸ್ವಲ್ಪ ಸರಿದು ಮತ್ತೆ ಹೊಡೆದೆ, ಗಡಿಯಾರದೆತ್ತರಕ್ಕೆ.
ಇನ್ನೊಂದು, ಬಾಗಿಲ ಹಿಂದೆ, ಅಂಗಿಗೆ.

ಎರಡು. ಸಾಕು.
ಮೂರನೆಯದು ಬೇಕಾದರೆ
ಕೇಳಲಿ.