ಎರಡಕ್ಕೂ ಒಂದೇ ಹೆಸರು

ಈ ಊರಿನ ಮಾತಿನಲ್ಲಿ ಗಡಿಯಾರದ ಸ್ಪ್ರಿಂಗಿಗೂ
ಹಿಮ ಕರಗಿದ ಇಳಿಜಾರಲ್ಲಿ ತಲೆಯೆತ್ತುವ ಜರೀಗಿಡದ ಕುಡಿಗೂ
ಒಂದೇ ಹೆಸರು: ಝೆನ್ಮಾಯಿ.
ಮೊದಲು ಯಾವುದಕ್ಕೆ ಇಟ್ಟರು ಎಂದು ಕೇಳಿದೆ.
"ಗಡಿಯಾರವನ್ನು ಯಾರಾದರೂ ತಿನ್ನುತ್ತಾರಾ?"
ಅಂದಳು ನನ್ನ ಅತ್ತೆ ತೊಮೆ.
ಅಲ್ಲಿಗೆ ಆ ವಿಚಾರ ಮುಗಿಯಿತು.

ನಾನು ಈ ಮನೆಗೆ ಅಳಿಯನಾಗಿ ಬಂದು
ಮಗನೆಂದು ಬರೆಸಿಕೊಂಡವನು.
ಸಕಾತಾದ ಬಂದರಿನಿಂದ ತಂದದ್ದು
ಕಣ್ಣಿಗೆ ಸಿಕ್ಕಿಸುವ ಒಂದು ಭೂತಗನ್ನಡಿ, ಹನ್ನೊಂದು ಸ್ಕ್ರೂಡ್ರೈವರು.
ಬಿಟ್ಟುಬಂದದ್ದು ಅಪ್ಪನ ಹೆಸರು.

ಮೇ ತಿಂಗಳು. ಹಿಮ ಕುಸಿದು ಸವರಿಹೋದ ಕೊರಕಲು.
ಬೂಟಿಗೆ ಕಬ್ಬಿಣದ ಮುಳ್ಳು ಕಟ್ಟಿ ತೊಮೆ ಮುಂದೆ,
ಉಸಿರು ಹಿಡಿದು ನಾನು ಹಿಂದೆ.
ಅಗೋ, ಕಂದು ಉಣ್ಣೆಯ ಕುಲಾವಿ ಹಾಕಿಕೊಂಡು
ತಮ್ಮೊಳಗೇ ತಾವು ಸುತ್ತಿಕೊಂಡು ನಿಂತಿವೆ,
ಒಂದು ಬುಡಕ್ಕೆ ಏಳೆಂಟು.
ಮೂರು ಮುರಿಯುತ್ತಾಳೆ, ನಾಲ್ಕು ಮುರಿಯುತ್ತಾಳೆ,
ನಡುವಿನ ದಪ್ಪನೆಯವನ್ನು ಮುಟ್ಟುವುದಿಲ್ಲ.
"ಅವು ಗಂಡು. ಗಂಡನ್ನು ಬೆಟ್ಟಕ್ಕೇ ಬಿಡಬೇಕು."
ತಿರುಗಿ ನೋಡಿ ನಗುತ್ತಾಳೆ:
"ನಿನ್ನೊಬ್ಬನನ್ನು ಕಿತ್ತು ತಂದೆವು."

ಆಮೇಲೆ ಮೂರು ದಿನ ಅಂಗಳದ ತುಂಬ ಚಾಪೆ.
ಉಣ್ಣೆ ಬಿಡಿಸು, ಬೇಯಿಸು, ಹರಡು, ಅಂಗೈಯಲ್ಲಿ ಉಜ್ಜು,
ಬಿಸಿಲಿಗೆ ಬಿಡು, ಮತ್ತೆ ಉಜ್ಜು.
ಒಂದು ಹೊರೆ ಹಸಿರು ಒಣಗಿ ಒಣಗಿ
ಒಂದು ಹಿಡಿ ಕಪ್ಪು ತಂತಿ.
ಉಣ್ಣೆಯನ್ನೂ ಎಸೆಯುವಂತಿಲ್ಲ; ಕಾನೆ ಅದನ್ನು ಉಂಡೆಮಾಡಿ
ಮೇಲೆ ರೇಷ್ಮೆ ದಾರ ಸುತ್ತಿ ಮಕ್ಕಳ ಚೆಂಡು ಕಟ್ಟುತ್ತಾಳೆ.
ನಮಗೆ ಮಕ್ಕಳಿಲ್ಲ. ಚೆಂಡುಗಳಿವೆ.

ಅಂಗಡಿಯ ಸೂರಿಗೆ ತೂಗುಹಾಕಿದ್ದು ಬೇರೊಂದು ಜಾತಿಯ ಜರಿ.
ಗಿರಾಕಿ ಬಾರದ ಒಂದು ಮಧ್ಯಾಹ್ನ ಅದರ ಎಲೆ ಮಗುಚಿದೆ.
ಬೆನ್ನಿನ ತುಂಬ ಸಾಲಾಗಿ ಕಂದು ಚುಕ್ಕಿ.
ತುಕ್ಕು, ಅಂದುಕೊಂಡೆ. ನನಗೆ ಗೊತ್ತಿರುವ ರೋಗ ಅದೊಂದೇ.
ಚಿಮಟದಿಂದ ಕೆರೆಯಹೋದವನು ಕನ್ನಡಿ ಸಿಕ್ಕಿಸಿ ಕೂತುಬಿಟ್ಟೆ:
ಪುಟ್ಟ ಪುಟ್ಟ ಸಂಚಿಗಳು, ಒಂದೊಂದಕ್ಕೂ ಬೆನ್ನಿಗೆ ಗೆಣ್ಣುಗೆಣ್ಣಿನ ಪಟ್ಟಿ.
ಪಟ್ಟಿಯ ನೀರು ಆರುತ್ತಿದೆ. ಸಂಚಿ ಬಾಯಿಬಿಟ್ಟು
ಹಿಂದಕ್ಕೆ, ಇನ್ನೂ ಹಿಂದಕ್ಕೆ, ಬಿಲ್ಲು ಎಳೆದಂತೆ ಬಾಗಿ
ಚಿಟ್ಟನೆ
ಮೊದಲಿನಂತಾಯಿತು. ಒಳಗಿದ್ದ ಧೂಳು ಆಗಲೇ ಇಲ್ಲ.
ಮೂವತ್ತು ವರ್ಷ ಸ್ಪ್ರಿಂಗುಗಳ ಜೊತೆ ಬಾಳಿದ್ದೇನೆ.
ಬಾಯಾರಿಕೆಯಿಂದ ಕೀಲಿ ಕೊಡುವುದು ನನಗೆ ತಿಳಿದಿರಲಿಲ್ಲ.

ಬೆಟ್ಟದ ಝೆನ್ಮಾಯಿಗೆ ಆ ಚಮತ್ಕಾರವಿಲ್ಲ.
ತೊಮೆ ಉಳಿಸಿದ 'ಗಂಡು' ಸುಮ್ಮನೆ ಒಡೆದು
ಹಸಿರು ಹುಡಿ ಉದುರಿಸುತ್ತದೆ; ಹಸಿರೆಂದರೆ ಜೀವಂತ,
ಜೀವಂತವೆಂದರೆ ಅವಸರ: ಕೆಲವೇ ದಿನಗಳಲ್ಲಿ
ಒದ್ದೆ ಮಣ್ಣು ಸಿಗಬೇಕು.
ಗಡಿಯಾರದ ಹಳೆಯ ಗಾಜಿನಲ್ಲಿ ಕೆಸರು ತುಂಬಿ
ಒಂದು ಚಿಟಿಕೆ ಉದುರಿಸಿ ಕಿಟಕಿಯಲ್ಲಿಟ್ಟೆ.

ಹುಟ್ಟಿದ್ದು ಜರಿಯಲ್ಲ.
ಕಿರುಬೆರಳಿನ ಉಗುರಿಗಿಂತ ಚಿಕ್ಕದು,
ಕಾಂಡವಿಲ್ಲ, ಬೇರೆನ್ನುವಂಥ ಬೇರಿಲ್ಲ,
ನೆಲಕ್ಕಂಟಿದ ಹಸಿರು ಹೃದಯ.
ಗಂಡೂ ಹೆಣ್ಣೂ ಬೇರೂರುವುದು ಅದರಡಿಯ ಕತ್ತಲಲ್ಲಿ;
ಒಂದು ಹನಿ ನೀರು ಬಂದರೆ ಒಂದು ಈಜಿ
ಇನ್ನೊಂದನ್ನು ಸೇರುತ್ತದೆ. ಬಾರದಿದ್ದರೆ ಇಲ್ಲ.

"ನೀವು ಬಿಟ್ಟದ್ದು ಗಂಡಲ್ಲ, ಅತ್ತೆ," ಅಂದೆ.
ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು.
"ಇದು ತಾಯಿಯನ್ನೂ ಹೋಲುವುದಿಲ್ಲ, ಮಗುವನ್ನೂ ಹೋಲುವುದಿಲ್ಲ."
ಕನ್ನಡಿ ತೆಗೆದು ನನ್ನ ಮುಖ ನೋಡಿದಳು.
"ನೀರು ಹಾಕಿದೆಯಾ?"

ಈ ವರ್ಷ ಅವಳ ಮಂಡಿ ಏಳಲಿಲ್ಲ. ನಾನೊಬ್ಬನೇ ಹೋದೆ.
ಹೆಸರು ತಪ್ಪೆಂದು ಗೊತ್ತಿದ್ದೂ
ಗಂಡನ್ನು ಬೆಟ್ಟಕ್ಕೇ ಬಿಟ್ಟೆ.
ಜಗಲಿಯಲ್ಲಿ ಕೂತು ಅವಳು ಉಜ್ಜುವ ಸದ್ದು ಕೇಳುತ್ತಾಳೆ,
"ಇನ್ನೂ ಹಸಿ," ಎನ್ನುತ್ತಾಳೆ.

ಫೋನು. ಯಾರೋ ಮುದುಕ: "ಝೆನ್ಮಾಯಿ ಆಯಿತಾ?"
"ಇನ್ನೊಂದು ದಿನದ ಬಿಸಿಲು ಬೇಕು," ಅಂದೆ.
ಆ ಕಡೆ ಸ್ವಲ್ಪ ಹೊತ್ತು ಮೌನ.
"ನನ್ನದು," ಎಂದ, "ಗೋಡೆ ಗಡಿಯಾರ."