ಹದಿನಾಲ್ಕನೇ ಮೆಷೀನು

ಸೊಹಾರಿನ ಬಂದರು ರಸ್ತೆಯ ತರಬೇತಿ ಕೇಂದ್ರದಲ್ಲಿ
ಮೂವತ್ತಾರು ಕಂಪ್ಯೂಟರು. ಒಂದರ ಹೊಟ್ಟೆಯಲ್ಲೂ ಡಿಸ್ಕಿಲ್ಲ.
ಬೆಳಿಗ್ಗೆ ಗುಂಡಿ ಒತ್ತಿದರೆ
ತಂತಿಯ ತುದಿಗೆ ಬಾಯಿಟ್ಟು ಕೂಗುತ್ತವೆ:
ನಾನು ಯಾರು, ನನ್ನ ವಿಳಾಸವೇನು,
ಆ ಕಡೆ ಯಾರಾದರೂ ಇದ್ದೀರಾ?
ಮೆಟ್ಟಿಲ ಕೆಳಗೆ, ಪೊರಕೆ ಬಕೆಟ್ಟುಗಳ ಪಕ್ಕದ ಗೂಡಿನಿಂದ
ಸರ್ವರು ಹೇಳುತ್ತದೆ: ಇದ್ದೇನೆ, ತಗೋ.
ಒಂದು ವಿಳಾಸ, ಒಂದು ಹೆಸರು,
ಆಮೇಲೆ ತುತ್ತು ತುತ್ತಾಗಿ ಇಡೀ ವಿಂಡೋಸು.

ಇಮೇಜು ಒಂದೇ, ಉಣ್ಣುವ ಬಾಯಿ ಮೂವತ್ತಾರು.
ಯಾರು ಏನು ಗೀಚಿದರೂ, ವಾಲ್‌ಪೇಪರಿಗೆ ಮಗಳ ಫೋಟೋ ಹಾಕಿದರೂ
ಅದು ಬದಿಯ ಚೂರು ಜಾಗದಲ್ಲಿ ಕೂತಿದ್ದು
ರೀಸ್ಟಾರ್ಟಿಗೆ ತೊಳೆದುಹೋಗುತ್ತದೆ.
ನನಗಿಂತ ಮುಂಚೆ ಇದನ್ನು ಕಟ್ಟಿದ ರೊಡೆಲಿಯೊ
ಸೆಬುವಿಗೆ ಹೊರಟ ದಿನ ಹೇಳಿದ್ದು ಒಂದೇ ಮಾತು:
ಬರೆಯಲು ಮೂಲದ ಬೀಗ ತೆಗೆದರೆ
ವಾಪಸ್ ಹಾಕೋದು ಮರೀಬೇಡ.

ಮರೆತೆ.

ಗುರುವಾರ ರಾತ್ರಿ. ವೆಲ್ಡರುಗಳ ಸುರಕ್ಷತಾ ಪರೀಕ್ಷೆಗೆ ಹೊಸ ಆವೃತ್ತಿ.
ನಾನು ಮೂಲಕ್ಕೆ ಕೈ ಹಾಕುವುದು ಯಾವಾಗಲೂ ಹದಿನಾಲ್ಕರಿಂದ.
ಅದರ ಕುರ್ಚಿ ಅಲುಗಾಡುವುದಿಲ್ಲ, ಅಷ್ಟೇ ಕಾರಣ.
ಅರಬಿ ಫಾಂಟು ಸರಿಮಾಡಿದೆ, ಪ್ರಿಂಟರಿಗೆ ಡ್ರೈವರು ಹಾಕಿದೆ,
ಕರಕ್ ಚಹಾ ಆರಿ ಕೆನೆಗಟ್ಟಿತು.
ಬದ್ರಿಯಾ ಮೇಡಂ ಫೋನು: ನೀರಿನ ಟ್ಯಾಂಕರು
ಗೇಟಿಗೆ ಸಿಕ್ಕಿಕೊಂಡಿದೆ, ಬೇಗ ಬಾ.
ಹೋದೆ. ಹಾಗೇ ರೂಮಿಗೂ ಹೋದೆ.

ಭಾನುವಾರ ಆರೂವರೆಗೆ ಬಸ್ಸು, ಬೂಟುಗಳ ಸದ್ದು,
ನೀಲಿ ಕವರಾಲಿನ ಮೇಲೆ ಒಣಗಿದ ಉಪ್ಪಿನ ನಕಾಶೆ.
ಮೂವತ್ತಾರು ಪರದೆ ಒಟ್ಟಿಗೆ ಎದ್ದವು.
ಮೂವತ್ತಾರರಲ್ಲೂ ನಟ್ಟನಡುವೆ
ಒಂದೇ ಹಳದಿ ಚೀಟಿ, ತುಂಬ ಬಂಗಾಳಿ ಅಕ್ಷರ.

ನನಗೆ ಓದಲು ಬಂದದ್ದು ಒಂದು ಸೊನ್ನೆ, ಒಂದು ಎರಡು.
ಆ ಎರಡು ನಮ್ಮ ಎರಡರ ಹಾಗೆಯೇ ಬಾಲ ಎಳೆದಿತ್ತು.
ಮೂರನೇ ಸಾಲಿನ ನಾಲ್ವರು ಪೂರ್ತಿ ಓದಿದರು.
ಒಬ್ಬ ಹೆಲ್ಮೆಟ್ಟು ತೆಗೆದು ಮಡಿಲಲ್ಲಿಟ್ಟುಕೊಂಡ.
ಏನಂತೆ, ಎಂದು ಪಕ್ಕದ ಮಲಯಾಳಿ ಕೇಳಿದ್ದಕ್ಕೆ
ಮನೆ ವಿಷಯ, ಎಂದ.
ಯಾರ ಮನೆ, ಹೇಳಲಿಲ್ಲ.

ಬುಧವಾರದ ಇಮೇಜಿಗೆ ಮರಳಿಸಿದೆ. ಎಂಟು ನಿಮಿಷ.
ಪರದೆಗಳೆಲ್ಲ ಕಪ್ಪಾಗಿ, ನಾನು ಯಾರೆಂದು ಮತ್ತೆ ಕೂಗಿ,
ಏನೂ ಆಗದವರ ಹಾಗೆ ಎದ್ದು ಕೂತವು.
ಪರೀಕ್ಷೆ ಹಳೇ ಪ್ರಶ್ನೆಗಳಲ್ಲೇ ನಡೆಯಿತು. ಬೈಗುಳ ಹೊಸದು ಸಿಕ್ಕಿತು.

ಸಂಜೆ ರಾತ್ರಿಪಾಳಿಯ ಕಾವಲಿನ ಮೊಫಿಜುಲ್
ಒಳಗೆ ಬಾರದೆ ಬಾಗಿಲಲ್ಲೇ ನಿಂತ.
"ಒಂದೂವರೆ ವರ್ಷದಿಂದ ದಿನಾ ಬರೀತೀನಿ ಸಾಬ್.
ಬೆಳಿಗ್ಗೆ ಇರೋದಿಲ್ಲ. ಇರೋದಿಲ್ಲ ಅಂತಲೇ ಬರೆಯೋದು.
ಕಾಗದವಾದರೆ, ರೂಮಿನಲ್ಲಿ ಎಂಟು ಜನ.
ಫೋನಾದರೆ ಭಾಮೈದ ತೆಗೆದು ನೋಡ್ತಾನೆ.
ಹದಿನಾಲ್ಕರ ಕುರ್ಚಿ ಅಲುಗಾಡೋದಿಲ್ಲ, ಅದಕ್ಕೇ ಅಲ್ಲಿ ಕೂತೆ."

ಏನು ಹೇಳಬೇಕೋ ತೋಚಲಿಲ್ಲ.
ಈ ಇಮೇಜಿಗೆ ಬಂಗಾಳಿ ಕೀಲಿಮಣೆ ಸೇರಿಸಿದ್ದು ನಾನೇ.
ಉರ್ದು, ಹಿಂದಿ, ಮಲಯಾಳಂ ಎಲ್ಲ ಹಾಕಿ
ಯಾರೂ ಕೇಳಲಿಲ್ಲವೆಂದು ಕನ್ನಡ ಬಿಟ್ಟವನೂ ನಾನೇ.

ಗುರುವಾರದ ಇಮೇಜು ಇನ್ನೂ ಹಾಗೇ ಇತ್ತು.
ನಲವತ್ತು ಜಿಬಿ, ಅದರೊಳಗೆಲ್ಲೋ ಆ ಒಂದು ಚೀಟಿ.
ಅಳಿಸುವ ಗುಂಡಿಯ ಮೇಲೆ ಬಾಣ ನಿಲ್ಲಿಸಿ ಅವನ ಕಡೆ ನೋಡಿದೆ.
ಬೇಕಾದರೆ ಪ್ರಿಂಟು ತೆಗೆದುಕೊಡಲೇ ಎಂದೆ, ಪೆದ್ದನ ಹಾಗೆ.
"ಒತ್ತಿ" ಅಂದ.

ಒತ್ತಿದೆ.

"ಇವತ್ತು?"
ಬೀಗದ ಚಿತ್ರ ತೋರಿಸಿದೆ. ಹಾಕಿದೆ, ನೋಡು. ತೊಳೆದುಹೋಗುತ್ತದೆ.
ಅವನು ಚಪ್ಪಲಿ ಬಿಟ್ಟು ಒಳಗೆ ಬಂದ.

ನಾನು ಮೆಟ್ಟಿಲ ಕೆಳಗಿನ ಗೂಡಿಗೆ ಹೋಗಿ
ಬೀಗವನ್ನು ಇನ್ನೊಮ್ಮೆ ನೋಡಿದೆ. ಮತ್ತೂ ಒಮ್ಮೆ.
ಪಟ್ಟಿಯಲ್ಲಿ ಮೂವತ್ತೈದು ಸಾಲು ಮಲಗಿದ್ದವು.
ಹದಿನಾಲ್ಕರ ಮುಂದಿನ ಅಂಕೆ ಮಾತ್ರ
ಸ್ವಲ್ಪ ಏರಿ, ನಿಂತು,
ತುಂಬ ಹೊತ್ತು ನಿಂತು,
ಮತ್ತೆ ಸ್ವಲ್ಪ ಏರಿತು.