ಕಾಲುಚೀಲ ಮತ್ತು ಹನ್ನೆರಡು ವ್ಯಾಟು

ದೋಣಿ ಕಟ್ಟುವವನಿಗೆ ಇದೇನು ಮಹಾ ಅಂದುಕೊಂಡಿದ್ದ ಟೋರ್ಕಿಲ್.
ನಲವತ್ತು ವರ್ಷ ನೀರನ್ನು ಹೊರಗಿಟ್ಟ ಕೈ
ಗಾಳಿಯನ್ನು ಒಳಗಿಡಲಾರದೆ?
ಬರ್ಚ್ ಪ್ಲೈವುಡ್ಡು, ಬೆರಳುದಪ್ಪ;
ಸಂದು ಸಂದಿಗೆ ಅಂಟು, ಹೊಟ್ಟೆಗೆ ಕುರಿತುಪ್ಪಳ.
ಲೆಮ್ವಿ ಬಂದರಿನಲ್ಲಿ ಜನವರಿಯ ಗಾಳಿ
ಷೆಡ್ಡಿನ ಬಾಗಿಲು ಒದೆಯುತ್ತಿರುವಾಗಲೇ
ಎರಡು ಪೆಟ್ಟಿಗೆ ಎದ್ದು ನಿಂತವು.

ನಾನು ಬೋಡಿಲ್. ಆಂಪ್ಲಿಫೈಯರ್ ರಿಪೇರಿಯವಳು.
ಸುಟ್ಟ ವಾಸನೆಯಲ್ಲೇ ಕಾಯಿಲೆ ಹೇಳಬಲ್ಲೆ.
ಜೋಡಿ ಹೊಂದಿಸುವುದೂ ನನ್ನದೇ ಪಾಡು:
ಇವರ ಓಮ್ ಎಷ್ಟು, ಅವರ ವ್ಯಾಟ್ ಎಷ್ಟು;
ಕಾಗದದ ಮೇಲೆ ಕೂಡಿದ್ದು
ಮನೆಯೊಳಗೆ ಕೂಡದ್ದನ್ನು ಎಷ್ಟು ಕಂಡಿಲ್ಲ.

ಮೊದಲು ಇನ್ನೂರು ವ್ಯಾಟಿನದು ಹೊತ್ತು ತಂದೆ.
ಅದು ಕೋನನ್ನು ಕುತ್ತಿಗೆಪಟ್ಟಿ ಹಿಡಿದು ನಿಲ್ಲಿಸಿತು.
ಡ್ರಮ್ಮಿನ ಪೆಟ್ಟು ಬಿತ್ತು, ಪೆಟ್ಟಷ್ಟೇ ಬಿತ್ತು.
ಚೆಲ್ಲೊ ನುಡಿಸುವವಳ ಮೊಣಕೈಯನ್ನು
ಯಾರೋ ಕುರ್ಚಿಗೆ ಕಟ್ಟಿದ್ದರು.
"ಲೆಕ್ಕ ಸರಿಯಿದೆ," ಅಂದೆ.
"ಆಸ್ಪತ್ರೆ ಊಟವೂ ಲೆಕ್ಕ ಸರಿಯಿರುತ್ತೆ," ಅಂದ.

ಆಮೇಲೆ ವಾಲ್ವಿನದು. ಹನ್ನೆರಡೇ ವ್ಯಾಟು.
ಗಾಜಿನೊಳಗೆ ಕೆಂಡ ಕಣ್ಣು ಬಿಡುವವರೆಗೆ
ಕೈಕಟ್ಟಿ ಕೂರಬೇಕು.
ಹಾಡುವವರಿಗೆಲ್ಲ ಉಸಿರು ಬಂತು, ತುಟಿ ಬಂತು;
ಕಾಲು ಮಾತ್ರ ಬರಲಿಲ್ಲ.
"ಮುಂದೆ ಒಂದು ತೂತು ಕೊರೆ," ಅಂದೆ.
ಅವನ ಮುಖ ನೋಡಬೇಕಿತ್ತು ನೀವು!
ದೋಣಿಯವನಿಗೆ, ತಾನೇ ಕಟ್ಟಿದ ಹಲಗೆಗೆ,
ತೂತು ಕೊರೆ ಅನ್ನುವುದೆ?

ಕೊರೆದ. ಎರಡು ದಿನ ನನ್ನೊಡನೆ ಮಾತಿಲ್ಲ.
ಕಾಲು ಬಂತು, ಬಂದದ್ದು ನಿಲ್ಲಲೊಲ್ಲದು:
ಭುಂ ಅಂತ ಹೊರಟ ತಗ್ಗುಸ್ವರ
ವಿದಾಯ ಹೇಳಿಯೂ ಹೊಸ್ತಿಲಲ್ಲೇ ನಿಂತು
ಹರಟುವ ನೆಂಟನ ಹಾಗೆ.
ಆಗ ಆಸ್ತಾ, ಅವನ ಹೆಂಡತಿ,
ಏನೂ ಅನ್ನದೆ, ಜೋಡಿ ಕಳೆದುಕೊಂಡ ಉಣ್ಣೆಯ ಕಾಲುಚೀಲಗಳನ್ನು
ಒಂದೊಂದು ತೂತಿಗೆ ಒಂದೊಂದು ತುರುಕಿದಳು.
ನೆಂಟ ಹೊಸ್ತಿಲು ದಾಟಿದ.

ಇನ್ನು ಪೆಟ್ಟಿಗೆಯದೇ ದನಿ ಉಳಿದಿತ್ತು.
ಗೆಣ್ಣಿನಿಂದ ತಟ್ಟಿದರೆ ಪಕ್ಕದ ಹಲಗೆ
ಮ್ಮ್ ಅನ್ನುತ್ತದೆ, ಹೂಂಗುಟ್ಟುವ ಮುದುಕನಂತೆ.
ಮರ ಮಾತಾಡಬಾರದು, ಇದು ನಮ್ಮ ಕಸುಬಿನ ಮೊದಲ ಪಾಠ.
ಒಳಗೆ ಅಡ್ಡಪಟ್ಟಿ ಬಡಿದ.
ಪರೀಕ್ಷೆಗೆ ಸಿಕ್ಕಿದ್ದು ಒಂದು ಹಳೇ ಕ್ಯಾಸೆಟ್ಟು:
ಮೀನಿನ ಹರಾಜು ಕೂಗುತ್ತಿರುವ ಎಸ್ಕಿಲ್,
ಆಸ್ತಾಳ ಅಣ್ಣ, ಹೋಗಿ ಹನ್ನೊಂದು ವರ್ಷ.
ಒಂದೊಂದು ಅಂಕೆಯೂ ಚೊಕ್ಕ. ಕೆಮ್ಮೂ ಚೊಕ್ಕ.
ಟೋರ್ಕಿಲ್ ತಲೆ ಕೆರೆದುಕೊಂಡ.
"ಯಾರೋ ಓದಿಕೊಂಡವನು ಇವನು," ಅಂದ.

ಎಡಪೆಟ್ಟಿಗೆಯ ಪಟ್ಟಿ ಕಿತ್ತ, ಬಲದ್ದನ್ನು ಬಿಟ್ಟ.
ಅಳತೆ ಮಾಡಿದರೆ ತಪ್ಪು; ನಾನು ಅಳೆಯಲಿಲ್ಲ.
ವಾಲ್ವು ಕಾಯಿತು. ಟೇಪು ತಿರುಗಿತು.
ನೂರಾ ಎಂಬತ್ತು ಸೈಕಲ್ಲಿನ ಆಸುಪಾಸು
ಮರವೂ ಎದೆಯೂ ಒಂದೇ ಆಗಿ
ಕೋಡ್ ಮೀನಿಗೆ ಬೆಲೆ ಕೂಗಿದವು.

ಆಸ್ತಾ ಅಡುಗೆಮನೆಯಿಂದ ಕಾಫಿ ತಂದಳು.
ನಾವು ಮೂವರು. ತಟ್ಟೆಯಲ್ಲಿ ನಾಲ್ಕು ಬಟ್ಟಲು.
ಎಣಿಸಿ ನೋಡಿದಳು. ವಾಪಸ್ಸು ಒಯ್ಯಲಿಲ್ಲ.
ಪೆಟ್ಟಿಗೆಯ ಪಕ್ಕದಲ್ಲೇ ಇಟ್ಟಳು,
ಸಕ್ಕರೆ ಮೂರು ಚಮಚ ಹಾಕಿ.

ಪ್ರತಿ ತಗ್ಗುಸ್ವರಕ್ಕೂ ಆ ಕಾಫಿಯ ಮೇಲೆ
ಸಣ್ಣ ಸಣ್ಣ ಬಳೆಗಳೆದ್ದು
ಅಂಚಿಗೆ ತಾಗಿ ಅಳಿಸಿಹೋಗುತ್ತಿದ್ದವು.
ಬಿಲ್ಲು ಬರೆಯಬೇಕಿತ್ತು ನಾನು.
ಪೆನ್ನು ತೆಗೆದು, ಮತ್ತೆ ಜೇಬಿಗಿಟ್ಟುಕೊಂಡೆ.